ಟೋಕಿಯೊ ಸಿನಿಮಾದ ಸೆಟ್ ಅಲ್ಲ: ಕನ್ನಡ ಸುದ್ದಿವಾಹಿನಿಗಳ ಸಂಪಾದಕರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಸಂಪಾದಕರೇ,

ಟೋಕಿಯೊ ಮಹಾನಗರದ ಪೂರ್ವದಂಚಿನ ಎದೊಗಾವಾ ವಾರ್ಡಿನಲ್ಲಿ ಸಂಸಾರ ಹೂಡಿರುವ ಕನ್ನಡಿಗರಲ್ಲಿ ನಾನೂ ಒಬ್ಬ. ಇಲ್ಲಿನ ನಿಶಿ-ಕಸಾಯಿ ರೈಲು ನಿಲ್ದಾಣದ ಸುತ್ತಮುತ್ತ ಸಾವಿರಾರು ಭಾರತೀಯರು ನೆಲೆಸಿದ್ದೇವೆ. ನಮ್ಮ ತಂದೆತಾಯಿಯರು, ಅತ್ತೆಮಾವಂದಿರು, ಅಣ್ಣತಮ್ಮಂದಿರು ದಾವಣಗೆರೆಯಲ್ಲೋ ಹಾಸನದಲ್ಲೋ ಹುಬ್ಬಳ್ಳಿಯಲ್ಲೋ ಕುಳಿತು ನಿಮ್ಮ ವಾಹಿನಿಗಳ ಮೂಲಕವೇ ನಮ್ಮ ಊರನ್ನು ನೋಡುತ್ತಾರೆ. ಜಪಾನಿನಲ್ಲಿ ನೆಲ ನಡುಗಿದಾಗಲೆಲ್ಲ ನೀವು ಈ ನಗರವನ್ನು ತೋರಿಸುವ ಬಗೆ ಸರಿಯಿಲ್ಲವೆಂದು ನನಗೆ ಅನ್ನಿಸಿದೆ. ಅದಕ್ಕೆ ಕಾರಣಗಳೇನು, ಬದಲಾಗಬೇಕಾದ್ದೇನು ಎಂಬುದನ್ನು ತಮ್ಮ ಮುಂದಿಡಲು ಈ ಪತ್ರ ಬರೆಯುತ್ತಿದ್ದೇನೆ.

2025ರ ಜುಲೈ 30ರಂದು ರಷ್ಯಾದ ಕಮ್ಚಾಟ್ಕಾ ಕರಾವಳಿಯಾಚೆ 8.8 ತೀವ್ರತೆಯ ಭೂಕಂಪವಾಯಿತು. ಅದು ಟೋಕಿಯೊದಿಂದ ಎರಡು ಸಾವಿರ ಕಿಲೋಮೀಟರಿಗೂ ಹೆಚ್ಚು ದೂರದಲ್ಲಿ ಸಂಭವಿಸಿದ ಕಂಪನ. ಜಪಾನಿನ ಪೆಸಿಫಿಕ್ ತೀರದುದ್ದಕ್ಕೂ ಸುನಾಮಿ ಎಚ್ಚರಿಕೆ ಹೊರಟಿತು, ಮೂರು ಮೀಟರಿನವರೆಗೆ ಅಲೆ ಬರಬಹುದೆಂದು ಹವಾಮಾನ ಇಲಾಖೆ ತಿಳಿಸಿತು, ಕರಾವಳಿಯ ಜನ ಶಿಸ್ತಿನಿಂದ ಎತ್ತರದ ಜಾಗಗಳಿಗೆ ಹೋದರು. ಕೊನೆಗೆ ದಾಖಲಾದ ಅತಿ ಎತ್ತರದ ಅಲೆಯೂ ಒಂದೂವರೆ ಮೀಟರಿಗಿಂತ ಕಡಿಮೆಯಿತ್ತು. ಟೋಕಿಯೊ ನಗರದೊಳಗೆ ಕಟ್ಟಡಗಳು ಅಲುಗಾಡುವಂಥ ಕಂಪನವೇ ಇರಲಿಲ್ಲ. ಮೆಟ್ರೊ ಓಡುತ್ತಿತ್ತು, ನಾವು ಕಚೇರಿಯಲ್ಲಿ ಕೆಲಸ ಮಾಡುತ್ತಿದ್ದೆವು. ಅದೇ ಹೊತ್ತಿನಲ್ಲಿ ಕನ್ನಡದ ವಾಹಿನಿಯೊಂದರ ಪರದೆಯ ಮೇಲೆ ನಡೆಯುತ್ತಿದ್ದುದೇ ಬೇರೆ. ಗಗನಚುಂಬಿಗಳು ಒಂದರ ಮೇಲೊಂದು ಬೀಳುವ, ಸೇತುವೆ ಹಗ್ಗದಂತೆ ಹೊಸೆದುಕೊಳ್ಳುವ, ಕಡಲು ಮಹಡಿಗಳ ಮೇಲಿಂದ ಮಗುಚಿಕೊಳ್ಳುವ ದೃಶ್ಯಗಳು ಬರುತ್ತಿದ್ದವು. ಅವುಗಳಲ್ಲಿ ಕೆಲವು 2011ರ ಮಾರ್ಚ್ ತಿಂಗಳವು, ಉಳಿದವು ಸಿನಿಮಾದವು. ಮೂಲೆಯಲ್ಲಿ ‘ಸಾಂದರ್ಭಿಕ ಚಿತ್ರ’ ಎಂಬ ಬರಹವೂ ಇರಲಿಲ್ಲ. ಹಿನ್ನೆಲೆಯಲ್ಲಿ ನಗಾರಿಯಂಥ ಸದ್ದು, ಕೆಳಗೆ ‘ಜಪಾನ್ ಸರ್ವನಾಶ?’ ಎಂಬ ಪ್ರಶ್ನಾರ್ಥಕ ಚಿಹ್ನೆಯ ಶೀರ್ಷಿಕೆ. ರಕ್ತದೊತ್ತಡಕ್ಕೆ ಮಾತ್ರೆ ತೆಗೆದುಕೊಳ್ಳುವ ನನ್ನ ತಾಯಿ ಅದನ್ನು ನೋಡಿ ಫೋನ್ ಹಚ್ಚಿದರು. ನಾನು ಸಭೆಯಲ್ಲಿದ್ದುದರಿಂದ ಎತ್ತಲಾಗಲಿಲ್ಲ. ಎರಡನೆಯ ಸಲವೂ ಎತ್ತದಿದ್ದಾಗ ಅವರು ಪಕ್ಕದ ಮನೆಯವರನ್ನು ಕರೆದು ಅಳುತ್ತಾ ಕುಳಿತಿದ್ದರಂತೆ. ನಮ್ಮ ವಸತಿ ಸಮುಚ್ಚಯದ ಕನ್ನಡದ ಮನೆಗಳಲ್ಲಿ ಆ ದಿನ ಸಂಜೆ ಹೆಚ್ಚುಕಡಿಮೆ ಇದೇ ಕಥೆ ಕೇಳಿದೆ.

ಅದಕ್ಕೂ ಮೊದಲೇ, ಅದೇ ತಿಂಗಳ 5ರಂದು ಜಪಾನಿಗೆ ಮಹಾ ದುರಂತ ಕಾದಿದೆ ಎಂಬ ಕಾಮಿಕ್ಸ್ ಪುಸ್ತಕವೊಂದರ ‘ಭವಿಷ್ಯ’ ನಿಮ್ಮ ಹಲವರ ಪರದೆಗಳ ಮೇಲೆ ಗಂಟೆಗಟ್ಟಲೆ ಚರ್ಚೆಯಾಗಿತ್ತು. ಭೂಕಂಪದ ದಿನ, ಸ್ಥಳಗಳನ್ನು ಹೀಗೆ ಮುಂಗಡ ಹೇಳುವುದು ಸಾಧ್ಯವಿಲ್ಲ, ಇಂಥ ಮಾತು ಹುಸಿ ಎಂದು ಇಲ್ಲಿನ ಹವಾಮಾನ ಇಲಾಖೆಯ ಮುಖ್ಯಸ್ಥರೇ ಬಹಿರಂಗವಾಗಿ ಹೇಳಿದರು. ಆ ದಿನಗಳಲ್ಲಿ ದಕ್ಷಿಣದ ತೊಕಾರಾ ದ್ವೀಪಗಳಲ್ಲಿ ಸಾವಿರಕ್ಕೂ ಹೆಚ್ಚು ಕಂಪನಗಳಾದವು ನಿಜ. ಆದರೆ ತೊಕಾರಾ ಟೋಕಿಯೊದಿಂದ ಸಾವಿರ ಕಿಲೋಮೀಟರಿಗೂ ದೂರ. ಆ ಸುದ್ದಿಗೂ ನೀವು ಹಾಕಿದ್ದು ಟೋಕಿಯೊದ ಗೋಪುರಗಳು ಉರುಳುವ ಚಿತ್ರಗಳನ್ನೇ.

ಯಾಕೆ ಹೀಗಾಗುತ್ತದೆಂದು ನಾನು ಯೋಚಿಸಿದ್ದೇನೆ. ಸಂಕಲನದ ಕೋಣೆಯಲ್ಲಿ ಕುಳಿತ ನಿಮ್ಮ ಸಹೋದ್ಯೋಗಿಗಳಿಗೆ ದುರುದ್ದೇಶವಿದೆ ಎಂದು ನಾನು ನಂಬುವುದಿಲ್ಲ. ಟೋಕಿಯೊ ಎಂದೊಡನೆ ಕಣ್ಣ ಮುಂದೆ ಬರುವುದು ಬೀಳುತ್ತಿರುವ ಟೋಕಿಯೊ. ಎಪ್ಪತ್ತು ವರ್ಷಗಳಿಂದ ಸಿನಿಮಾ ನಮಗೆ ಕಲಿಸಿರುವುದು ಅದನ್ನೇ. 1954ರಲ್ಲಿ ಬಂದ ಮೊದಲ ಗಾಡ್ಜಿಲ್ಲಾ ಚಿತ್ರದಲ್ಲಿ ಗಿಂಜಾ ವೃತ್ತದ ಗಡಿಯಾರದ ಗೋಪುರ ಮುರಿಯಿತು, ಸಂಸತ್ ಭವನ ಪುಡಿಯಾಯಿತು. 1958ರಲ್ಲಿ ಟೋಕಿಯೊ ಟವರ್ ತಲೆಯೆತ್ತಿದ ಮೂರೇ ವರ್ಷಕ್ಕೆ ದೈತ್ಯ ಪತಂಗದ ಚಿತ್ರವೊಂದು ಅದನ್ನು ಬೆಳ್ಳಿತೆರೆಯ ಮೇಲೆ ಉರುಳಿಸಿತು. 1973ರಲ್ಲಿ ಇಡೀ ಜಪಾನೇ ಕಡಲಿನಲ್ಲಿ ಮುಳುಗುವ ಚಿತ್ರ ಬಂತು. ಇಲ್ಲಿ ಹೊಸ ಹೆಗ್ಗುರುತೊಂದು ಎದ್ದರೆ ಅದನ್ನು ತೆರೆಯ ಮೇಲೆ ಕೆಡವುವುದು ಒಂದು ಪರಿಪಾಠವೇ ಆಗಿದೆ. ಇದರಲ್ಲಿ ಜಪಾನೀಯರಿಗೆ ಬೇಸರವಿಲ್ಲ, ನನಗೂ ಇಲ್ಲ.

ನನ್ನ ತಕರಾರು ಇರುವುದು ಕೆಡವುವ ದೃಶ್ಯ ಮತ್ತು ಕಟ್ಟಿ ನಿಂತ ದೃಶ್ಯಗಳ ನಡುವೆ ಕತ್ತರಿಸಿ ಹೋಗುವ ಭಾಗದ ಬಗ್ಗೆ. 1988ರ ‘ಅಕಿರಾ’ ಎಂಬ ಅನಿಮೇಷನ್ ಚಿತ್ರದ ಆರಂಭವನ್ನು ತಮ್ಮಲ್ಲಿ ಹಲವರು ನೋಡಿರಬಹುದು. ಸದ್ದಿಲ್ಲದ ಬಿಳಿ ಸ್ಫೋಟವೊಂದು ಟೋಕಿಯೊವನ್ನು ನುಂಗುತ್ತದೆ. ಕೆಲವೇ ಕ್ಷಣಗಳಲ್ಲಿ ಕಥೆ 2019ಕ್ಕೆ ನೆಗೆದು, ದೀಪಗಳಿಂದ ಜಗಮಗಿಸುವ ಹೊಸ ಟೋಕಿಯೊ ನಮ್ಮ ಮುಂದಿರುತ್ತದೆ. ಚಿತ್ರಕ್ಕೆ ಅಷ್ಟು ಸಾಕು. ಆದರೆ ಇಂಥ ಹತ್ತಾರು ಚಿತ್ರಗಳನ್ನು ನೋಡಿದ ಕಣ್ಣಿಗೆ ಈ ನಗರ ಬೀಳುವುದೂ ಸಹಜ, ತಾನಾಗಿಯೇ ಏಳುವುದೂ ಸಹಜ ಎಂದು ಕಾಣತೊಡಗುತ್ತದೆ. ‘ಜಪಾನಿನವರು ಬಿಡಿ, ಒಂದೇ ವಾರದಲ್ಲಿ ಕಟ್ಟಿಬಿಡುತ್ತಾರೆ’ ಎಂದು ನಮ್ಮೂರಿನಲ್ಲಿ ಮೆಚ್ಚುಗೆಯಿಂದ ಹೇಳುವ ಮಾತು ಬಂದದ್ದೂ ಇಲ್ಲಿಂದಲೇ ಎಂದು ನನ್ನ ಊಹೆ. ಸರ್ವನಾಶದ ಶೀರ್ಷಿಕೆಯೂ ಪವಾಡದ ಶೀರ್ಷಿಕೆಯೂ ಒಂದೇ ವಾಹಿನಿಯಲ್ಲಿ ಒಂದೇ ವಾರದೊಳಗೆ ಬರುವುದು ಸಾಧ್ಯವಾಗುವುದು, ನಡುವಿನ ಭಾಗವನ್ನು ಯಾರೂ ನೋಡಿಲ್ಲವಾದ್ದರಿಂದ.

ನಮ್ಮ ಜನರ ಭಯಕ್ಕೆ ತನ್ನದೇ ಆದ ಬುನಾದಿಯಿದೆ ಎಂಬುದನ್ನೂ ಹೇಳಬೇಕು. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ಕಲಬುರ್ಗಿ ಸೀಮೆಗೆ ಅಷ್ಟೇನೂ ದೂರವಲ್ಲದ ಕಿಲ್ಲಾರಿಯಲ್ಲಿ ಕಲ್ಲುಮಣ್ಣಿನ ಗೋಡೆಗಳು ಮಲಗಿದ್ದವರ ಮೇಲೆ ಬಿದ್ದು ಸುಮಾರು ಹತ್ತು ಸಾವಿರ ಜನ ಸತ್ತರು. 2001ರಲ್ಲಿ ಭುಜ್. ಭೂಕಂಪವೆಂದರೆ ಮನೆ ಬೀಳುವುದು ಎಂಬ ನಮ್ಮ ಹಿರಿಯರ ತಿಳಿವಳಿಕೆ ಕಂಡುಂಡ ಸತ್ಯ. ಆ ಗಾಯವಿರುವ ಮನಸ್ಸಿನ ಮುಂದೆ ಸಿನಿಮಾದ ಕುಸಿತವನ್ನು ಸುದ್ದಿಯೆಂದು ತೋರಿಸುವುದು ಕ್ರೂರ.

ಸಿನಿಮಾಗಳನ್ನು ದೂರಲು ನಾನು ಕುಳಿತಿಲ್ಲ, ಅದರಲ್ಲೂ ಮೊದಲ ಗಾಡ್ಜಿಲ್ಲಾ ಚಿತ್ರವನ್ನಂತೂ ಅಲ್ಲವೇ ಅಲ್ಲ. ನಮ್ಮ ವಾರ್ಡಿಗೆ ತಾಗಿದಂತಿರುವ ಕೋತೊ ವಾರ್ಡಿನಲ್ಲಿ ಯುಮೆನೊಶಿಮಾ ಎಂಬ ಜಾಗವಿದೆ, ಒಂದು ಕಾಲಕ್ಕೆ ನಗರದ ಕಸ ಸುರಿದು ತುಂಬಿಸಿದ ನೆಲ. ಅಲ್ಲಿನ ಉದ್ಯಾನದೊಳಗೆ ಒಂದು ಚಾವಣಿಯ ಕೆಳಗೆ, ಮೂವತ್ತು ಮೀಟರಿನಷ್ಟು ಉದ್ದದ ಮರದ ಮೀನುಗಾರಿಕೆ ಹಡಗನ್ನು ನಿಲ್ಲಿಸಿದ್ದಾರೆ. ಹತ್ತಿರ ಹೋಗಿ ನೋಡಿದರೆ ಹಲಗೆಗಳ ಕೂಡುಗೆರೆ, ತುಕ್ಕು ಹಿಡಿದ ಮೊಳೆಗಳ ತಲೆ, ಮತ್ತೆ ಮತ್ತೆ ಬಳಿದ ಬಣ್ಣದ ಪದರ ಕಾಣಿಸುತ್ತದೆ. ಅದು ದೈಗೊ ಫುಕುರ್ಯು ಮಾರು. 1954ರ ಮಾರ್ಚ್ 1ರಂದು ಬಿಕಿನಿ ದ್ವೀಪದಲ್ಲಿ ಅಮೆರಿಕ ನಡೆಸಿದ ಜಲಜನಕ ಬಾಂಬ್ ಪರೀಕ್ಷೆಯ ವಿಕಿರಣ ಬೂದಿ ಈ ಹಡಗಿನ 23 ನಾವಿಕರ ಮೇಲೆ ಸುರಿಯಿತು. ರೇಡಿಯೊ ನಿರ್ವಾಹಕ ಕುಬೊಯಾಮಾ ಐಕಿಚಿ ಅದೇ ಸೆಪ್ಟೆಂಬರಿನಲ್ಲಿ ತೀರಿಕೊಂಡರು. ನವೆಂಬರ್ 3ಕ್ಕೆ ಹೊಂಡಾ ಇಶಿರೊ ನಿರ್ದೇಶಿಸಿದ ಆ ಚಿತ್ರ ತೆರೆಕಂಡಿತು. ಅದರ ಮೊದಲ ದೃಶ್ಯದಲ್ಲೇ ಕಡಲಿನಲ್ಲಿರುವ ಹಡಗೊಂದು ಬೆಳಕಿನ ಹೊಡೆತಕ್ಕೆ ಸಿಕ್ಕಿ ಉರಿಯುತ್ತದೆ. ಅಂದಿನ ಪ್ರೇಕ್ಷಕರಿಗೆ ಆ ಹಡಗು ಯಾವುದೆಂದು ಯಾರೂ ವಿವರಿಸಬೇಕಾಗಿರಲಿಲ್ಲ.

ಅದೇ ಪ್ರೇಕ್ಷಕರು 1945ರ ಮಾರ್ಚ್ 10ರ ರಾತ್ರಿಯನ್ನೂ ಕಂಡವರು. ಆ ಒಂದು ರಾತ್ರಿ ಅಮೆರಿಕದ ಬಿ-29 ವಿಮಾನಗಳು ಸುರಿದ ಬೆಂಕಿಬಾಂಬುಗಳಿಗೆ ಇದೇ ಪೂರ್ವ ಟೋಕಿಯೊದಲ್ಲಿ ಸುಮಾರು ಒಂದು ಲಕ್ಷ ಜನ ಸತ್ತರು, ಹತ್ತು ಲಕ್ಷ ಜನ ಮನೆ ಕಳೆದುಕೊಂಡರು. ಚಿತ್ರದಲ್ಲಿ ಉರಿಯುವ ನಗರದ ನಡುವೆ ಗೋಡೆಗೊರಗಿ ಕುಳಿತ ತಾಯಿಯೊಬ್ಬಳು ಮಕ್ಕಳನ್ನು ತಬ್ಬಿಕೊಂಡು, ಇನ್ನೇನು ಅಪ್ಪನ ಬಳಿಗೆ ಹೋಗಿಬಿಡುತ್ತೇವೆ ಎಂದು ಹೇಳುತ್ತಾಳೆ. ಯುದ್ಧ ಮುಗಿದು ಒಂಬತ್ತೇ ವರ್ಷವಾಗಿದ್ದ ಕಾಲದಲ್ಲಿ ಆ ಅಪ್ಪ ಎಲ್ಲಿ ಹೋಗಿದ್ದಾನೆಂದು ಚಿತ್ರಮಂದಿರದಲ್ಲಿ ಕುಳಿತ ಪ್ರತಿಯೊಬ್ಬ ಹೆಂಗಸಿಗೂ ಗೊತ್ತಿತ್ತು. ಸತ್ತವರಿಗಾಗಿ ಶೋಕಿಸಿದ ಚಿತ್ರ ಅದು. ಎರಡು ವರ್ಷದ ನಂತರ ಅಮೆರಿಕದಲ್ಲಿ ಬಿಡುಗಡೆಯಾದ ರೂಪದಲ್ಲಿ ಅಮೆರಿಕನ್ ಪತ್ರಕರ್ತನ ಪಾತ್ರವೊಂದನ್ನು ಸೇರಿಸಿ, ನಾಗಾಸಾಕಿಯಿಂದ ಬದುಕಿ ಬಂದೆನೆಂದು ರೈಲಿನಲ್ಲಿ ಹೇಳುವ ಹೆಂಗಸಿನ ಮಾತನ್ನು ತೆಗೆದುಹಾಕಲಾಯಿತು. ದುಃಖವನ್ನು ಕತ್ತರಿಸಿ ಕುಸಿತವನ್ನು ಮಾತ್ರ ಉಳಿಸಿಕೊಳ್ಳುವ ಕೆಲಸ ಅಂದೇ ಶುರುವಾಗಿತ್ತು. ಇಪ್ಪತ್ತು ಸೆಕೆಂಡಿನ ತುಣುಕು ಮಾಡಿ ನೀವು ತೋರಿಸುವಾಗ ಉಳಿದಿದ್ದೂ ಹೋಗುತ್ತದೆ. 2016ರ ‘ಶಿನ್ ಗಾಡ್ಜಿಲ್ಲಾ’ದಲ್ಲಿ ಬಹುಪಾಲು ಸಮಯ ಅಧಿಕಾರಿಗಳು ಸಭೆ ನಡೆಸುತ್ತಿರುತ್ತಾರೆ, 2023ರ ‘ಗಾಡ್ಜಿಲ್ಲಾ ಮೈನಸ್ ಒನ್’ನಲ್ಲಿ ಸುಟ್ಟ ನೆಲದ ಮೇಲಿನ ತಗಡಿನ ಗುಡಿಸಲು ನಿಧಾನವಾಗಿ ಮನೆಯಾಗುತ್ತದೆ. ಜಪಾನಿನ ಒಳ್ಳೆಯ ನಿರ್ದೇಶಕರು ನಡುವಿನ ಭಾಗವನ್ನು ಮರೆತಿಲ್ಲ. ಆದರೆ ಸುದ್ದಿಯ ತುಣುಕಿಗೆ ಆ ಭಾಗ ಎಂದೂ ಆಯ್ಕೆಯಾಗುವುದಿಲ್ಲ.

ಆ ಭಾಗದಲ್ಲಿ ಏನಿದೆ ಎಂಬುದನ್ನು ಹೇಳುತ್ತೇನೆ. 1923ರ ಸೆಪ್ಟೆಂಬರ್ 1ರಂದು, ಮಧ್ಯಾಹ್ನ 12 ಗಂಟೆಗೆ ಎರಡು ನಿಮಿಷ ಬಾಕಿಯಿರುವಾಗ ಟೋಕಿಯೊ ಮತ್ತು ಸುತ್ತಲಿನ ಸೀಮೆಯನ್ನು ನಡುಗಿಸಿದ ಕಾಂತೊ ಭೂಕಂಪವಾಯಿತು. ಮನೆಮನೆಗಳಲ್ಲಿ ಅಡುಗೆಯ ಒಲೆ ಉರಿಯುತ್ತಿದ್ದ ಹೊತ್ತು. ಸತ್ತ ಸುಮಾರು 1,05,000 ಜನರಲ್ಲಿ ಬಹುಪಾಲು ಜನರನ್ನು ಕೊಂದದ್ದು ಬೆಂಕಿ. ಈಗಿನ ಸುಮಿದಾ ವಾರ್ಡಿನ ಒಂದೇ ಖಾಲಿ ಮೈದಾನದಲ್ಲಿ, ಗಂಟುಮೂಟೆ ಸಮೇತ ಆಶ್ರಯ ಪಡೆದಿದ್ದ ಸುಮಾರು 38,000 ಮಂದಿ ಸುಟ್ಟುಹೋದರು. ಆ ನಗರವನ್ನು ಮತ್ತೆ ಕಟ್ಟಲು ಏಳು ವರ್ಷ ಹಿಡಿಯಿತು. ಅಂದಿನ ಗೃಹಮಂತ್ರಿ ಗೊತೊ ಶಿಂಪೆಯಿ ರೂಪಿಸಿದ ದೊಡ್ಡ ಯೋಜನೆಯ ಹಣವನ್ನು ಸಂಸತ್ತು ನಿರ್ದಯವಾಗಿ ಕಡಿತಗೊಳಿಸಿತು. ರಸ್ತೆ ಅಗಲಿಸಲು ಭೂಮಾಲೀಕರು ತಮ್ಮ ನಿವೇಶನದ ಶೇ 10ರವರೆಗಿನ ನೆಲವನ್ನು ಪರಿಹಾರವಿಲ್ಲದೆ ಬಿಟ್ಟುಕೊಡಬೇಕಾಯಿತು; ಜಗಳಗಳಾದವು, ಪ್ರತಿಭಟನೆಗಳಾದವು, ಮನವೊಲಿಕೆಗಳಾದವು. ಸುಮಿದಾ ನದಿಗೆ ಉಕ್ಕಿನ ಸೇತುವೆಗಳು ಬಂದವು. ಪ್ರಾಥಮಿಕ ಶಾಲೆಗಳ ಪಕ್ಕದಲ್ಲಿ 52 ಪುಟ್ಟ ಉದ್ಯಾನಗಳನ್ನು ಮಾಡಿದರು. ಮಕ್ಕಳಿಗೆ ಆಟದ ಬಯಲು, ಬೆಂಕಿ ಬಿದ್ದ ದಿನ ಬೀದಿಯವರಿಗೆ ಆಸರೆ. ಬುಂಕ್ಯೊ ವಾರ್ಡಿನ ಮೊತೊಮಾಚಿ ಉದ್ಯಾನದಲ್ಲಿ ಆ ಕಾಲದ ವಿನ್ಯಾಸ ಇಂದಿಗೂ ಉಳಿದಿದೆ.

1945ರ ನಂತರ ಮಾಡಿದ ಯೋಜನೆಯಾದರೋ ಬಹುಪಾಲು ಕಾಗದದಲ್ಲೇ ಉಳಿಯಿತು. ಹಸಿರು ಪಟ್ಟಿಗಳಿಗೆಂದು ಗುರುತಿಸಿದ್ದ ಜಾಗಗಳಲ್ಲಿ ಮನೆಗಳೆದ್ದವು. ಆದ್ದರಿಂದಲೇ ಕ್ಯೊಜಿಮಾದಂಥ ಬಡಾವಣೆಗಳಲ್ಲಿ ಇಂದಿಗೂ ಒಂದಕ್ಕೊಂದು ಅಂಟಿಕೊಂಡ ಮರದ ಮನೆಗಳಿವೆ, ಅಗ್ನಿಶಾಮಕ ವಾಹನ ನುಗ್ಗಲಾರದ ಓಣಿಗಳಿವೆ. ಆಸುಪಾಸಿನ ಬೀದಿಗಳಲ್ಲಿ ನೆಲದಡಿಯ ತೊಟ್ಟಿಗೆ ಮಳೆನೀರು ಹಿಡಿದು ಕೈಪಂಪು ಕೂರಿಸಿದ್ದಾರೆ. ದಿನವೂ ಹೂಕುಂಡಗಳಿಗೆ, ಆಪತ್ತಿನ ದಿನ ಬೆಂಕಿಗೆ. ಅಲ್ಲಿಂದ ಉತ್ತರಕ್ಕೆ, ಸುಮಿದಾ ನದಿಯ ದಂಡೆಯಲ್ಲಿ, 13 ಮಹಡಿಯ ವಸತಿ ಕಟ್ಟಡಗಳು ಒಂದು ಕಿಲೋಮೀಟರಿಗೂ ಹೆಚ್ಚು ಉದ್ದಕ್ಕೆ ಸಾಲಾಗಿ ನಿಂತಿವೆ. 1970ರ ದಶಕದಲ್ಲಿ ಕಟ್ಟತೊಡಗಿದ ಈ ಸಾಲೇ ಒಂದು ಬೆಂಕಿತಡೆ ಗೋಡೆ. ಎರಡು ಕಟ್ಟಡಗಳ ನಡುವಿನ ಸಂದಿಗೆ ಕೋಟೆ ಬಾಗಿಲಿನಂಥ ಉಕ್ಕಿನ ಕದ, ಬಾಲ್ಕನಿಗಳಿಗೆ ಶಟರು. ಒಂದು ಕಡೆಯ ಮರದ ಮನೆಗಳು ಹೊತ್ತಿಕೊಂಡರೆ ಜನ ಇನ್ನೊಂದು ಕಡೆಯ ಉದ್ಯಾನಕ್ಕೆ ಬಂದು ಸೇರುತ್ತಾರೆ, ಹಿಂದಿನಿಂದ ಕದ ಮುಚ್ಚಿಕೊಳ್ಳುತ್ತದೆ. ಆ ಬಾಲ್ಕನಿಗಳಲ್ಲಿ ಹಾಸಿಗೆ ಒಣಹಾಕಿರುವುದನ್ನು, ಆ ಕದಗಳ ಕೆಳಗೆ ಮಕ್ಕಳು ಸೈಕಲ್ ಹೊಡೆಯುವುದನ್ನು ನಾನು ನೋಡಿದ್ದೇನೆ. ನಿಮ್ಮ ಕ್ಯಾಮೆರಾಗಳು ಒಮ್ಮೆಯಾದರೂ ಆ ಕದದ ಮುಂದೆ ನಿಲ್ಲಬೇಕು ಎಂಬುದು ನನ್ನ ಆಸೆ.

2011ರ ಮಾರ್ಚ್ 11ರಂದು ಈಶಾನ್ಯ ಕರಾವಳಿಯಲ್ಲಿ ಸುನಾಮಿ ಸುಮಾರು 16,000 ಜನರ ಪ್ರಾಣ ತೆಗೆದ ದಿನ, ಟೋಕಿಯೊದ ಗಗನಚುಂಬಿಗಳು ನಿಮಿಷಗಟ್ಟಲೆ ತೂಗಾಡಿದವು, ಒಂದೂ ಬೀಳಲಿಲ್ಲ. ನಗರ ನೋವಿಲ್ಲದೆ ಪಾರಾಯಿತೆಂದಲ್ಲ. ಸಭಾಭವನವೊಂದರ ಚಾವಣಿ ಕಳಚಿ ಇಬ್ಬರು ಸತ್ತರು, ರೈಲುಗಳು ನಿಂತು ಲಕ್ಷಾಂತರ ಜನ ರಾತ್ರಿಯಿಡೀ ನಡೆದು ಮನೆ ಸೇರಿದರು, ಕೊಲ್ಲಿಯ ದಡದ ಉರಾಯಾಸುವಿನಲ್ಲಿ ತುಂಬಿಸಿದ ನೆಲ ಕೆಸರಾಗಿ ಉಕ್ಕಿತು. ಅದರಿಂದ ಕಲಿತದ್ದೂ ಉಂಟು. ಶಿಂಜುಕುವಿನ 55 ಮಹಡಿಯ ಹಳೆಯ ಕಟ್ಟಡವೊಂದರ ತಾರಸಿಯ ಮೇಲೆ, ತೂಗಾಟ ತಗ್ಗಿಸಲೆಂದು ತಲಾ 300 ಟನ್ ತೂಕದ ಆರು ಲೋಲಕಗಳನ್ನು 2015ರಲ್ಲಿ ಕೂರಿಸಿದರು. 1981ರ ಭೂಕಂಪ ನಿರೋಧಕ ಕಟ್ಟಡ ನಿಯಮದ ಮೊದಲು ಕಟ್ಟಿದ ಮನೆಯೋ ನಂತರದ್ದೋ ಎಂಬುದು ಇಲ್ಲಿ ಬಾಡಿಗೆ ಮನೆ ಹುಡುಕುವಾಗಲೂ ಕೇಳುವ ಪ್ರಶ್ನೆ. ಪ್ರತಿ ಸಂಜೆ ಬೀದಿಯ ಕಂಬಗಳ ಮೇಲಿನ ಧ್ವನಿವರ್ಧಕಗಳಿಂದ ಮಕ್ಕಳ ಹಾಡಿನ ಒಂದು ರಾಗ ಕೇಳಿಬರುತ್ತದೆ. ವಿಪತ್ತಿನ ಎಚ್ಚರಿಕೆ ಸಾರುವ ವ್ಯವಸ್ಥೆ ಸರಿಯಾಗಿದೆಯೇ ಎಂದು ದಿನವೂ ಪರೀಕ್ಷಿಸುವ ಕ್ರಮವದು. ಇವೆಲ್ಲ ಸಿನಿಮಾಕ್ಕೆ ಬೇಡವಾದ ಸಂಗತಿಗಳು. ಸುದ್ದಿಗೆ ಬೇಕಾದವು ಇವೇ.

ಸಿನಿಮಾದ ಕಣ್ಣಿನಿಂದ ನೋಡುವುದರ ಇನ್ನೊಂದು ಕೇಡೆಂದರೆ ನಿಜವಾದ ಅಪಾಯ ಕಾಣದೆ ಹೋಗುವುದು. ನಾವು ಕನ್ನಡಿಗರು ವಾಸಿಸುವ ಎದೊಗಾವಾ ವಾರ್ಡಿನ ಸುಮಾರು ಶೇ 70ರಷ್ಟು ನೆಲ ಉಬ್ಬರದ ಹೊತ್ತಿನ ನೀರಿನ ಮಟ್ಟಕ್ಕಿಂತ ಕೆಳಗಿದೆ. ಎರಡೂ ಕಡೆ ದೊಡ್ಡ ನದಿಗಳು, ಕೆಳಗೆ ಕೊಲ್ಲಿ. 1947ರ ಕ್ಯಾಥ್ಲೀನ್ ಚಂಡಮಾರುತದಲ್ಲಿ ಈ ಭಾಗ ಮುಳುಗಿತ್ತು. 2019ರಲ್ಲಿ ವಾರ್ಡಿನ ಆಡಳಿತ ಮನೆಮನೆಗೆ ಹಂಚಿದ ನೆರೆ ನಕ್ಷೆಯ ಮುಖಪುಟದ ಮೇಲೆ, ‘ಇಲ್ಲಿ ಇರಕೂಡದು’ ಎಂದು ಮುಚ್ಚುಮರೆಯಿಲ್ಲದೆ ಅಚ್ಚು ಹಾಕಿತ್ತು; ಮಹಾ ನೆರೆ ಬಂದರೆ ನೀರು ಒಂದೆರಡು ವಾರಕ್ಕೂ ಹೆಚ್ಚು ನಿಲ್ಲಬಹುದು, ಆದ್ದರಿಂದ ಮೊದಲೇ ವಾರ್ಡು ಬಿಟ್ಟು ಹೊರಡಿ ಎಂಬುದು ಅದರ ಸಾರ. ಅದೇ ಅಕ್ಟೋಬರಿನಲ್ಲಿ ಹಗಿಬಿಸ್ ಚಂಡಮಾರುತ ಬಂದಾಗ ಆ ನಕ್ಷೆ ನಮ್ಮ ಅಡುಗೆಮನೆಯ ಮೇಜಿನ ಮೇಲಿತ್ತು. ಆ ರಾತ್ರಿ ಊರಿನಿಂದ ನಮಗೆ ಫೋನ್ ಬರಲಿಲ್ಲ. ಏರುತ್ತಿರುವ ನದಿ ಪರದೆಯ ಮೇಲೆ ಚೆನ್ನಾಗಿ ಕಾಣುವುದಿಲ್ಲ, ಗೋಪುರವೂ ಉರುಳುವುದಿಲ್ಲ. ನಮಗೆ ನಿಜಕ್ಕೂ ಅಪಾಯವಿದ್ದ ರಾತ್ರಿ ನಮ್ಮವರು ನೆಮ್ಮದಿಯಾಗಿ ನಿದ್ದೆ ಮಾಡಿದರು, ಏನೂ ಆಗದ ದಿನ ಅತ್ತರು.

ಮಾನ್ಯರೇ, ಸುದ್ದಿಯವರಾದ ತಮಗೆ ಇನ್ನೊಂದು ಸಂಗತಿಯನ್ನು ನೆನಪಿಸುವುದು ನನ್ನ ಕರ್ತವ್ಯವೆಂದು ಭಾವಿಸುತ್ತೇನೆ. 1923ರ ಭೂಕಂಪದ ನಂತರದ ದಿನಗಳಲ್ಲಿ, ಕೊರಿಯನ್ನರು ಬಾವಿಗೆ ವಿಷ ಹಾಕುತ್ತಿದ್ದಾರೆ, ಬೆಂಕಿ ಹಚ್ಚುತ್ತಿದ್ದಾರೆ ಎಂಬ ವದಂತಿ ಹಬ್ಬಿತು. ಪತ್ರಿಕೆಗಳೂ ಅದನ್ನು ಅಚ್ಚು ಹಾಕಿದವು. ಬೀದಿಬೀದಿಗಳಲ್ಲಿ ಕಾವಲು ಪಡೆಗಳು ಹುಟ್ಟಿಕೊಂಡು ನಿರಪರಾಧಿ ಕೊರಿಯನ್ನರನ್ನು ಅಪಾರ ಸಂಖ್ಯೆಯಲ್ಲಿ ಕೊಂದವು, ಸೈನಿಕರೂ ಪೊಲೀಸರೂ ಅದರಲ್ಲಿ ಕೈಜೋಡಿಸಿದರು. ಸುಮಿದಾ ವಾರ್ಡಿನ ಯೊಕೊಅಮಿಚೊ ಉದ್ಯಾನದಲ್ಲಿ ಭೂಕಂಪದಲ್ಲಿ ಸತ್ತವರ ಸ್ಮಾರಕ ಭವನದ ಹತ್ತಿರವೇ ಅವರಿಗಾಗಿ 1973ರಲ್ಲಿ ನಿಲ್ಲಿಸಿದ ಕಲ್ಲಿದೆ. ಪರದೇಶಿಗಳಾಗಿ ಇಲ್ಲಿ ಬದುಕುವ ನಾವು ಆ ಕಲ್ಲಿನ ಮುಂದೆ ನಿಂತಾಗ, ವಿಪತ್ತಿನ ಹೊತ್ತಿನಲ್ಲಿ ಪ್ರಕಟವಾಗುವ ಸುಳ್ಳಿನ ತೂಕವೇನೆಂದು ಬೇರೆ ಯಾರೂ ಹೇಳಬೇಕಾಗುವುದಿಲ್ಲ.

ಆದ್ದರಿಂದ ತಮ್ಮಲ್ಲಿ ನನ್ನ ವಿನಂತಿಗಳು ಇವು. ಭೂಕಂಪ, ಸುನಾಮಿಗಳ ಸುದ್ದಿಯಲ್ಲಿ ಸಿನಿಮಾದ ದೃಶ್ಯಗಳನ್ನು ಬಳಸುವುದನ್ನು ಪೂರ್ತಿ ನಿಲ್ಲಿಸಿ. ಸಣ್ಣಕ್ಷರದ ಅಡಿಟಿಪ್ಪಣಿಯೂ ಇದಕ್ಕೆ ಪರಿಹಾರವಲ್ಲ, ಓದಲು ಬಾರದ ಅಜ್ಜಿಯೂ ನಿಮ್ಮ ವೀಕ್ಷಕಿ. ಹಳೆಯ ದಾಖಲೆಯ ದೃಶ್ಯ ತೋರಿಸಲೇಬೇಕಾದರೆ ವರ್ಷವನ್ನೂ ಊರನ್ನೂ ಪರದೆಯ ಮೇಲೆ ದೊಡ್ಡದಾಗಿ ಬರೆಯಿರಿ, ವಾಚಕರು ಬಾಯಿಬಿಟ್ಟು ಹೇಳಲಿ. ಭೂಕಂಪದ ತೀವ್ರತೆಯ ಅಂಕಿಯ ಜೊತೆಗೆ, ಯಾವ ಊರಿನಲ್ಲಿ ಎಷ್ಟು ನಡುಗಿತು ಎಂದು ಹೇಳುವ ಜಪಾನಿನ ‘ಶಿಂದೊ’ ಅಳತೆಯನ್ನೂ ಕೊಡಿ. ಸೊನ್ನೆಯಿಂದ ಏಳರವರೆಗಿನ ಈ ಅಂಕಿಯನ್ನು ಹವಾಮಾನ ಇಲಾಖೆ ಕೆಲವೇ ನಿಮಿಷಗಳಲ್ಲಿ ಪ್ರಕಟಿಸುತ್ತದೆ, ಊರಿನಲ್ಲಿರುವ ತಾಯಿಗೆ ಬೇಕಾದ ಉತ್ತರ ಅದರಲ್ಲಿರುತ್ತದೆ. ಕೇಂದ್ರಬಿಂದುವಿನಿಂದ ಟೋಕಿಯೊ, ಒಸಾಕಾಗಳು ಎಷ್ಟು ದೂರವೆಂದು ನಕ್ಷೆಯಲ್ಲಿ ತೋರಿಸಿ. ದಿನಾಂಕ ಹೇಳಿ ವಿನಾಶ ನುಡಿಯುವವರಿಗೆ ವೇದಿಕೆ ಕೊಡಬೇಡಿ. ಮತ್ತು ಬಿಡುವಿದ್ದಾಗ, ಯಾವ ಭೂಕಂಪವೂ ಆಗದ ದಿನ, ಈ ನಗರವನ್ನು ತೋರಿಸಲು ಒಂದು ಕಾರ್ಯಕ್ರಮ ಮಾಡಿ. ಸುಮಿದಾ ನದಿಯ ದಂಡೆಯ ಕಟ್ಟಡಗಳ ಸಾಲಿಗೆ, ಯುಮೆನೊಶಿಮಾದ ಹಡಗಿಗೆ, ಯೊಕೊಅಮಿಚೊ ಉದ್ಯಾನಕ್ಕೆ, ಸೆಪ್ಟೆಂಬರ್ 1ರಂದು ಶಾಲೆಗಳಲ್ಲಿ ನಡೆಯುವ ತಾಲೀಮಿಗೆ ನಿಮ್ಮ ತಂಡವನ್ನು ಕರೆದೊಯ್ಯಲು, ಜಪಾನಿ ಮಾತನ್ನು ಕನ್ನಡಕ್ಕೆ ಹೇಳಲು ಇಲ್ಲಿನ ಕನ್ನಡಿಗರು ಹಣ ಕೇಳದೆ ಸಿದ್ಧರಿದ್ದೇವೆ. ಮುಂದಿನ ಕಂಪನದ ದಿನ ಸ್ಥಳದಿಂದ ಮಾತನಾಡಲು ಯಾರಾದರೂ ಬೇಕೆಂದರೆ ಮೊದಲೇ ಹೆಸರುಗಳನ್ನು ಕೊಟ್ಟಿರುತ್ತೇವೆ. ಈ ವಿನಂತಿಗಳಲ್ಲಿ ಯಾವುದನ್ನು ಒಪ್ಪುತ್ತೀರಿ, ಯಾವುದನ್ನು ಒಪ್ಪಲಾಗದು ಎಂಬುದನ್ನು ನಿಮ್ಮ ವಾಹಿನಿಯ ಮೂಲಕವೇ ವೀಕ್ಷಕರಿಗೆ ತಿಳಿಸಬೇಕೆಂದು ಕೋರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಎದೊಗಾವಾ ವಾರ್ಡಿನ ಒಬ್ಬ ಕನ್ನಡಿಗ, ಟೋಕಿಯೊ